ಔಷಧಿ ಬಿಲ್ಲಿನ ಮೇಲಿದ್ದ ಗಂಟೆ

ಒಂದು ಪ್ಲಾಸ್ಟಿಕ್ ಕವರ್. ಒಳಗೆ ಸ್ಕ್ಯಾನ್ ಫಿಲ್ಮು, ಮಡಿಚಿ ಮಡಿಚಿ ಹರಿಯುವಂತಾದ ಬಿಲ್ಲುಗಳು, ಡಿಸ್ಚಾರ್ಜ್ ಸಮ್ಮರಿ. ನನ್ನ ವಕೀಲಿ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಹೀಗೇ ಬರುತ್ತಾರೆ. ಕೂತ ಕೂಡಲೇ ಹೇಳುವ ಮಾತೂ ಒಂದೇ: "ಮೇಡಂ, ಆ ಡಾಕ್ಟ್ರನ್ನ ಜೈಲಿಗೆ ಹಾಕಿಸ್ಬೇಕು."

ಜೈಲು ಅಷ್ಟು ಸುಲಭ ಅಲ್ಲ. ಕ್ರಿಮಿನಲ್ ಕೇಸಿಗೆ ಬರೀ ತಪ್ಪು ಸಾಲದು, ಘೋರ ನಿರ್ಲಕ್ಷ್ಯವೇ ಇರಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಹಾರದ ದಾರಿ ಬೇರೆ. 1995ರ ವಿ.ಪಿ. ಶಾಂತಾ ತೀರ್ಪಿನ ನಂತರ ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಇಷ್ಟು ಹೇಳಿ, ಮೊದಲು ಕೇಸ್ ಶೀಟ್, ಅಂದರೆ ಆಸ್ಪತ್ರೆ ಬರೆದಿಟ್ಟ ಚಿಕಿತ್ಸೆಯ ದಾಖಲೆ, ತನ್ನಿ ಅನ್ನುತ್ತೇನೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಒಬ್ಬರು ಬಂದಿದ್ದರು. ಹೆಂಡತಿಗೆ ರಾತ್ರಿ ಹೆರಿಗೆಯಾಗಿ, ರಕ್ತಸ್ರಾವ ನಿಲ್ಲದೆ, ಬೆಳಗಿನ ಜಾವ ಗರ್ಭಕೋಶವನ್ನೇ ತೆಗೆದಿದ್ದರು. "ಜಾಸ್ತಿ ಹೋಗ್ತಿದೆ ಅಂತ ಮೂರು ಸಲ ಹೋಗಿ ಹೇಳ್ದೆ ಮೇಡಂ. ಬಾಣಂತಿಗೆ ಅದೆಲ್ಲ ಮಾಮೂಲಿ ಅಂದ್ರು."

ಕೇಸ್ ಶೀಟಿಗೆ ಅರ್ಜಿ ಬರೆಸಿ, ಸೀಲು ಹಾಕಿಸಿಕೊಂಡು ಬನ್ನಿ ಅಂದೆ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಇದೆ. ಬಂದಿದ್ದು 19ನೇ ದಿನ. ನರ್ಸ್ ಚಾರ್ಟ್ ನೋಡಿದರೆ ಮುತ್ತು ಪೋಣಿಸಿದ ಹಾಗಿತ್ತು. ರಾತ್ರಿ 11ರಿಂದ ಅರ್ಧ ಗಂಟೆಗೊಮ್ಮೆ ಬಿಪಿ, ಒಂದೇ ಪೆನ್ನು, ಒಂದೇ ವಾಲಿಕೆ, ಒಂದೂ ಕಾಟು ಇಲ್ಲ. ನೈಟ್ ಡ್ಯೂಟಿಯಲ್ಲಿ ಓಡಾಡುತ್ತಾ ಬರೆದ ಚಾರ್ಟು ಇಷ್ಟು ಚೆಂದ ಇರುವುದಿಲ್ಲ. ಆದರೆ ಚೆಂದ ಬರೆದಿದ್ದಾರೆ ಅಂತ ಕೇಸ್ ಗೆಲ್ಲೋಕಾಗುತ್ತಾ?

ಮತ್ತೆ ಆ ಕವರ್ ಬಿಚ್ಚಿದೆ. ರಕ್ತ ನಿಲ್ಲಿಸುವ ಇಂಜೆಕ್ಷನ್ ಕೊಟ್ಟಿದ್ದು 1:30ಕ್ಕೆ ಎಂದು ಚಾರ್ಟ್ ಹೇಳುತ್ತಿತ್ತು. ಅದೇ ಇಂಜೆಕ್ಷನ್ನಿಗೆ ಆಸ್ಪತ್ರೆಯ ಫಾರ್ಮಸಿ ಗಂಡನ ಕೈಗೆ ಕೊಟ್ಟ ಬಿಲ್ಲಿನ ಮೇಲೆ ಕಂಪ್ಯೂಟರ್ ಹೊಡೆದ ಸಮಯ 3:52. ಕೈಬರಹವನ್ನು ಕೂತು ತಿದ್ದಬಹುದು. ಮನೆಗೆ ಹೋದ ಬಿಲ್ಲನ್ನು ಹೇಗೆ ತಿದ್ದುತ್ತಾರೆ?

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಿತ್ತು. ಎಲ್ಲ ಕೇಸಿಗೂ ತಜ್ಞರ ಸಾಕ್ಷಿ ಬೇಕಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೂ ಇಂಥ ಕೇಸಲ್ಲಿ ಇಲ್ಲದೆ ಹೋಗಲು ನನಗೆ ಧೈರ್ಯವಿಲ್ಲ. ಬೆಂಗಳೂರಿನ ಡಾಕ್ಟರುಗಳು ಫೋನಲ್ಲಿ ಎಲ್ಲ ಹೇಳುತ್ತಾರೆ, ಸಹಿ ಅಂದರೆ ಲೈನೇ ಕಟ್. ಕೊನೆಗೆ ಬೇರೆ ಜಿಲ್ಲೆಯ ನಿವೃತ್ತ ಪ್ರೊಫೆಸರ್ ಒಬ್ಬರು ಒಪ್ಪಿದರು. ನನ್ನ ಕರಡು ದೂರು ಓದಿ ಮೊದಲು ನನ್ನನ್ನೇ ಬೈದರು. "ರಕ್ತ ಹೋಗಿದ್ದು ತಪ್ಪಲ್ಲಮ್ಮ, ಯಾರಿಗಾದ್ರೂ ಆಗ್ಬಹುದು. ಎರಡು ಗಂಟೆ ತಿರುಗಿ ನೋಡ್ದೆ ಇದ್ದಿದ್ದು ತಪ್ಪು. ಅದನ್ನ ಮಾತ್ರ ಬರಿ." ಹದಿನಾಲ್ಕು ಆರೋಪ ಇತ್ತು. ಹದಿಮೂರು ಹೊಡೆದು ಹಾಕಿದೆ. ಅವರ ಮಾತು ಇಟ್ಟುಕೊಂಡೇ ಈಗ ಹತ್ತರಲ್ಲಿ ಆರೇಳು ಜನರನ್ನು ಕೇಸ್ ಇಲ್ಲ ಎಂದು ವಾಪಸ್ ಕಳಿಸುತ್ತೇನೆ. ಅದು ಕೇಸ್ ಸೋಲುವುದಕ್ಕಿಂತ ಕಷ್ಟ.

ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಗ್ರಾಹಕರ ಆಯೋಗಕ್ಕೆ ವಾಯಿದೆ ಮೇಲೆ ವಾಯಿದೆ ಅಲೆದೆವು. ಅಲ್ಲಿ ಪಾಟಿ ಸವಾಲು ಹೆಚ್ಚಾಗಿ ಬರವಣಿಗೆಯಲ್ಲೇ. ಬಿಲ್ಲಿನ ಬಗ್ಗೆ ಕೇಳಿದ್ದಕ್ಕೆ, ವಾರ್ಡಿನ ಸ್ಟಾಕಿಂದ ಮೊದಲೇ ಕೊಟ್ಟಿದ್ದೆವು, ಆಮೇಲೆ ತರಿಸಿಕೊಂಡೆವು ಎಂದು ಆಸ್ಪತ್ರೆ ಉತ್ತರಿಸಿತು. ಒಳ್ಳೆಯ ಉತ್ತರವೇ. ಹಾಗಾದರೆ ಆ ರಾತ್ರಿಯ ಸ್ಟಾಕ್ ರಿಜಿಸ್ಟರ್ ತನ್ನಿ ಎಂದು ಅರ್ಜಿ ಹಾಕಿದೆ. ಕೊನೆಯವರೆಗೂ ಬರಲಿಲ್ಲ.

ನಾಲ್ಕು ವರ್ಷದ ಮೇಲೆ ಆದೇಶ ನಮ್ಮ ಕಡೆ ಆಯಿತು. ಆಸ್ಪತ್ರೆ ಪರಿಹಾರದ ಅರ್ಧ ಹಣ ಠೇವಣಿ ಇಟ್ಟು ಬಸವ ಭವನದ ರಾಜ್ಯ ಆಯೋಗಕ್ಕೆ ಅಪೀಲು ಹೋಗಿದೆ. ಆ ಬಿಲ್ಲಿನ ಅಕ್ಷರ ಪೂರ್ತಿ ಮಾಸಿ, ಈಗದು ಬರೀ ಬಿಳಿ ಚೀಟಿ. ಥರ್ಮಲ್ ಪೇಪರ್ ಅಲ್ವಾ. ಪುಣ್ಯಕ್ಕೆ ಮೊದಲ ದಿನವೇ ಜೆರಾಕ್ಸ್ ಮಾಡಿಸಿ, ಮೂಲದ ಜೊತೆ ಹೋಲಿಸಿ ನೋಟರಿ ಸಹಿ ಹಾಕಿಸಿದ್ದೆ. ಈಗ ಯಾರೇ ಬರಲಿ, ಅವರು ಕಥೆ ಶುರು ಮಾಡುವ ಮೊದಲೇ ನಮ್ಮ ಗುಮಾಸ್ತ ಕವರ್ ಇಸ್ಕೊಂಡು ಕೆಳಗಿನ ಜೆರಾಕ್ಸ್ ಅಂಗಡಿಗೆ ಓಡುತ್ತಾನೆ.