ಜೇಡ್ ಬಳೆ ತಗೊಳ್ಳೋರು ಬಣ್ಣ ಹೀಗೆ ನೋಡಿ

ಹೋದ ತಿಂಗಳು ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ಅಂಗಡಿಯಲ್ಲಿ ನನ್ನ ತಂಗಿ ಜೇಡ್ ಅನ್ನೋ ರತ್ನದ ಕಲ್ಲಿನ ಬಳೆ ತಗೊಂಡಳು. ಅಂಗಡಿಯ ಹಳದಿ ಲೈಟಿನಲ್ಲಿ ಎಳೆ ಹುಲ್ಲಿನಂಥ ಹಸಿರು. ಮನೆಗೆ ಬಂದು ಹಿತ್ತಲಲ್ಲಿ ನೋಡಿದರೆ ಕಂದಿದ ಬೂದು ಹಸಿರು!

ಇಳಕಲ್ ಸೀರೆ ಆರಿಸುವಾಗ ಸೆರಗು ಹಿಡಿದು ಅಂಗಡಿ ಬಾಗಿಲಿಗೆ ಬರ್ತೀವಲ್ಲ, ಬಳೆಗೂ ಹಾಗೇ ಮಾಡಿ. ಬಿಳಿ ಹಾಳೆ ಮೇಲಿಟ್ಟು, ನೆರಳಿನ ಹಗಲು ಬೆಳಕಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಬೂದು ಛಾಯೆ ಇಲ್ಲದ, ತುಂಬಿದ ಹಸಿರಿಗೆ ಬೆಲೆ ಜಾಸ್ತಿ. ಬಣ್ಣ ಒಂದೇ ಇದ್ದರೂ ಬೆಳಕು ಒಳಗೆ ಹಾಯುವ ಕಲ್ಲಿನ ಬೆಲೆಯೇ ಬೇರೆ. ಹಸಿರೇ ಬೇಕು ಅಂತ ಸುಮ್ನೆ ಹಟ ಬೇಡ, ತಿಳಿ ನೇರಳೆ ಬಣ್ಣದ್ದೂ ಚೆಂದ ಇರುತ್ತದೆ.

ಈಗ ಮುಖ್ಯ ವಿಷಯ. ಮೊಬೈಲ್ ಟಾರ್ಚ್ ಅನ್ನು ಬಳೆಯ ಹಿಂದೆ ಹಿಡಿಯಿರಿ. ಸಹಜ ಬಣ್ಣ ಮೋಡದ ಹಾಗೆ ಕಲ್ಲಿನೊಳಗೆ ಮೆಲ್ಲಗೆ ಕರಗಿರುತ್ತದೆ. ಹಾಕಿದ ಬಣ್ಣ ಸಣ್ಣ ಬಿರುಕುಗಳಲ್ಲಿ ಜೇಡರ ಬಲೆಯಂತೆ ಕೂತಿರುತ್ತದೆ. ವ್ಯಾಪಾರಿಗಳು ಹೇಳುವ ‘ಎ’ ಅಂದರೆ ಮೇಣದ ಪಾಲಿಶ್ ಬಿಟ್ಟು ಬೇರೇನೂ ಮಾಡದ ಕಲ್ಲು. ‘ಬಿ’ಯನ್ನು ಆಸಿಡ್‌ನಲ್ಲಿ ತೊಳೆದು ರಾಳ ತುಂಬಿರುತ್ತಾರೆ, ‘ಸಿ’ಗೆ ಬಣ್ಣ ಹಾಕಿರುತ್ತಾರೆ. ‘ಎ’ ಅಂದರೆ ಒಳ್ಳೆ ಬಣ್ಣ ಅಂತಲ್ಲ, ನಮ್ಮ ತಂಗಿ ಮೋಸ ಹೋಗಿದ್ದೇ ಅಲ್ಲಿ. ಮಲೇಷ್ಯಾ ಜೇಡ್ ಅಂತ ಮಾರುವುದಂತೂ ಬಣ್ಣ ಹಾಕಿದ ಬೇರೆಯೇ ಕಲ್ಲು.

ದುಡ್ಡು ದೊಡ್ಡದಿದ್ದರೆ ಲ್ಯಾಬ್ ರಿಪೋರ್ಟ್ ಕೇಳಿ. ಮತ್ತೆ, ಇದು ಇಡೀ ಕಲ್ಲಿನ ಬಳೆ, ಬಗ್ಗೋದಿಲ್ಲ. ಅಳತೆ ನೋಡಿಕೊಂಡೇ ತಗೊಳ್ಳಿ.