ಬೀದರ್‌ಗೆ ಹೋಗುವಾಗ ಸ್ವಲ್ಪ ಸುತ್ತಿದರೆ ಚಿಂಚೋಳಿ ಕಾಡು
ಕಲಬುರಗಿಯಿಂದ ಬೀದರ್‌ಗೆ ಬಾಡಿಗೆ ಗಾಡಿ ಮಾಡುವವರು ಬರೀ ಡ್ರಾಪ್ ಅಂತ ಮಾತಾಡಬೇಡಿ. ‘ಚಿಂಚೋಳಿ ಮೇಲೆ, ಇಡೀ ದಿನ, ಕಿಲೋಮೀಟರ್ ಲೆಕ್ಕ’ ಅಂತಲೇ ಹೇಳಿ. ಡ್ರಾಪ್ ಆದರೂ ಗಾಡಿ ಖಾಲಿ ವಾಪಸ್ ಬರುವ ದುಡ್ಡು ನಮ್ಮ ಮೇಲೇ ಬೀಳುತ್ತದೆ. ದಿನಬಾಡಿಗೆಗೆ ಸಾಮಾನ್ಯವಾಗಿ ಕನಿಷ್ಠ 250–300 ಕಿ.ಮೀ. ಹಿಡಿದೇ ಹಿಡಿಯುತ್ತಾರೆ, ಚಿಂಚೋಳಿ ವನ್ಯಜೀವಿಧಾಮದ ಸುತ್ತು ಬಹುತೇಕ ಅದರೊಳಗೇ ಮುಗಿಯುತ್ತದೆ. ಹೊರಡುವ ಮುಂಚೆ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿನ ಚಂದ್ರಂಪಳ್ಳಿ ಡ್ಯಾಮಿನ ಹತ್ತಿರ ದಾರಿ ಬಲ್ಲ ಊರಿನವರೊಬ್ಬರು ಜೊತೆಗಿದ್ದರೆ ಒಳ್ಳೆಯದು, ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ. ಮಳೆಗಾಲ ಮುಗಿಯುತ್ತಿದ್ದಂತೆ ಹೋದರೆ ಕಾಡು ಕಣ್ತುಂಬ ಹಸಿರು. ಏಪ್ರಿಲ್–ಮೇನಲ್ಲಿ ಮಾತ್ರ ಬೇಡ: ಅಲ್ಲಿನ ಎತ್ತಿಪೋತ ಜಲಪಾತದಲ್ಲಿ ನೀರಿರುವುದಿಲ್ಲ, ಮಕ್ಕಳು, ವಯಸ್ಸಾದವರು ಆ ಬಿಸಿಲು ತಡೆಯುವುದಿಲ್ಲ. ಬೀದರ್ ತಲುಪುವುದು ರಾತ್ರಿಯಾದರೆ ಡ್ರೈವರ್ ಭತ್ಯೆ ಬೇರೆ ಸೇರುತ್ತದೆ, ಆಗ ಉಳಿತಾಯವೂ ಇಲ್ಲ.