ನೋವಿನ ಮಾತ್ರೆ, ಕಿಡ್ನಿ ಮತ್ತು ಮನೆಯ ದಿನವಹಿ: ನನ್ನ ಅನುಭವ

ಮಂಡಿನೋವಿಗೆ, ಸೊಂಟನೋವಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಕಿಡ್ನಿಯನ್ನು ಮನೆಯಿಂದಲೇ ಗಮನಿಸಲು ನಾನು ಮೊದಲು ಬರೆಸುವುದು ಬಿ.ಪಿ.ಯನ್ನಲ್ಲ, ಮಾತ್ರೆಯನ್ನು. ಯಾವುದು, ಎಷ್ಟು ಮಿ.ಗ್ರಾಂ., ಎಷ್ಟು ಹೊತ್ತಿಗೆ. ಈ ಸಾಲು ಖಾಲಿ ಇದ್ದರೆ ಉಳಿದ ಅಂಕಿಗಳು ಯಾಕೆ ಏರಿದವು, ಯಾಕೆ ಇಳಿದವು ಎಂದು ಹೇಳಲು ಬರುವುದಿಲ್ಲ.

ಮಾತ್ರೆಯ ಮಾರಾಟದ ಹೆಸರು ಸಾಲದು. ಸ್ಟ್ರಿಪ್‌ನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರೇ ಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರಾಕ್ಸೆನ್ ಎಲ್ಲ ಒಂದೇ ಗುಂಪು. ಅದೇ ಗುಂಪಿನ ಎಟೊರಿಕಾಕ್ಸಿಬ್ ಹೊಟ್ಟೆಗೆ ಸ್ವಲ್ಪ ಹಗುರ, ಕಿಡ್ನಿಗೆ ಹಗುರವಲ್ಲ. ಪ್ಯಾರಾಸಿಟಮಾಲ್ ಈ ಗುಂಪಿನದಲ್ಲ. ಆದರೆ ಅಸಿಕ್ಲೊಫೆನಾಕ್ ಬೆರೆತ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬರಿಯ ಪ್ಯಾರಾಸಿಟಮಾಲ್ ಎಂದುಕೊಂಡು, ಅದರ ಮೇಲೆ ಡೈಕ್ಲೊಫೆನಾಕ್ ನುಂಗುವವರು ಬಹಳ. ಹಚ್ಚುವ ಡೈಕ್ಲೊಫೆನಾಕ್ ಜೆಲ್‌ನಿಂದ ರಕ್ತಕ್ಕೆ ಸೇರುವುದು ನುಂಗಿದ್ದಕ್ಕಿಂತ ತೀರಾ ಕಡಿಮೆ. ಅದನ್ನು ಬೇರೆ ಅಂಕಣದಲ್ಲಿ ಬರೆದರೆ ಸಾಕು.

ದಿನವಹಿ ಪುಸ್ತಕದ ಮೊದಲ ಪುಟ ಉಳಿದ ಔಷಧಗಳಿಗೆ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಯ ಜರಡಿಗೆ ರಕ್ತ ತರುವ ನಾಳವನ್ನು ಅಗಲವಾಗಿ ಇಡುವುದು ಮೈಯೇ ತಯಾರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ನೋವಿನ ಮಾತ್ರೆ ತಡೆಯುವುದು ಅದನ್ನೇ. ಎನಲಾಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಬಿ.ಪಿ. ಮಾತ್ರೆಗಳು ರಕ್ತ ಹೊರಹೋಗುವ ನಾಳವನ್ನು ಹಿಗ್ಗಿಸುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ನೀರನ್ನೇ ಇಳಿಸುತ್ತದೆ. ಮೂರೂ ಕೂಡಿದರೆ ಸೋಸುವ ಒತ್ತಡ ಕುಸಿಯುತ್ತದೆ. ಈ ಮೂರೂ ಇರುವ ಪುಟಕ್ಕೆ ನಾನು ಕೆಂಪು ಗುರುತು ಹಾಕುತ್ತೇನೆ.

ಬಿ.ಪಿ.ಗೆ ತೋಳಿನ ಯಂತ್ರವೇ ಆಗಬೇಕು, ಪಟ್ಟಿ ತೋಳಿನ ಸುತ್ತಳತೆಗೆ ಹೊಂದಬೇಕು. ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ಮೂತ್ರ ಮಾಡಿ ಬಂದು, ಬೆನ್ನನ್ನು ಕುರ್ಚಿಗೆ ಆನಿಸಿಕೊಂಡು 5 ನಿಮಿಷ ಸುಮ್ಮನೆ ಕೂತ ಮೇಲೆ, 1 ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ. 7 ದಿನ ಬರೆದು ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. 135/85 ದಾಟಿದರೆ ಹೆಚ್ಚು. ಮಾತ್ರೆ ಶುರುವಾಗುವ ಮುಂಚಿನ ವಾರದ ಸರಾಸರಿ ಕೈಯಲ್ಲಿದ್ದರೆ ಮಾತ್ರ ಹೋಲಿಕೆಗೆ ಅರ್ಥ.

ತೂಕ ದಿನಾ ಬೆಳಿಗ್ಗೆ, ತಿಂಡಿಗೆ ಮುಂಚೆ. ಎರಡು ಮೂರು ದಿನಗಳಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಕಾಲಿನ ಬಾವನ್ನೂ ನೋಡಿ.

ಮೂತ್ರದ ಡಿಪ್‌ಸ್ಟಿಕ್, ಅಂದರೆ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿ, ಇದರ ಬಗ್ಗೆ ಜನರಿಗೆ ಅತಿಯಾದ ನಂಬಿಕೆ. ಬೆಳಗಿನ ಮೊದಲ ಮೂತ್ರದಲ್ಲಿ ಅದ್ದಿ, ಡಬ್ಬಿಯಲ್ಲಿ ಹೇಳಿದ ಸೆಕೆಂಡಿಗೇ ಸರಿಯಾಗಿ ಬಣ್ಣ ನೋಡಬೇಕು; ತಡವಾದರೆ ಬಣ್ಣ ಗಾಢವಾಗುತ್ತದೆ. ಮುಚ್ಚಳ ಸಡಿಲವಿದ್ದರೆ ತೇವ ತಗುಲಿ ಪಟ್ಟಿಗಳೆಲ್ಲ ಕೆಡುತ್ತವೆ. ಇಷ್ಟೆಲ್ಲ ಸರಿಯಿದ್ದರೂ ಅದು ಹಿಡಿಯುವುದು ಮುಖ್ಯವಾಗಿ ಆಲ್ಬುಮಿನ್ ಎಂಬ ಪ್ರೋಟೀನ್. ನೋವಿನ ಮಾತ್ರೆ ರಕ್ತದ ಹರಿವನ್ನೇ ತಗ್ಗಿಸಿದಾಗ ಪ್ರೋಟೀನ್ ಸೋರದೆಯೂ ಕಿಡ್ನಿ ಸೋಲಬಹುದು. ಪಟ್ಟಿ ಬಣ್ಣ ಬದಲಿಸಲಿಲ್ಲವೆಂದು ರಕ್ತಪರೀಕ್ಷೆ ಬಿಡಬೇಡಿ.

ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ), ಪೊಟ್ಯಾಸಿಯಂ ಎರಡೂ ಬೇಕು: ಮಾತ್ರೆಗೆ ಮುಂಚೆ ಒಮ್ಮೆ, ಕೆಂಪು ಗುರುತಿನವರಿಗೆ ಒಂದೆರಡು ವಾರದಲ್ಲಿ ಮತ್ತೊಮ್ಮೆ. ಕ್ರಿಯಾಟಿನಿನ್ 1.1 (ಮಿ.ಗ್ರಾಂ./ಡೆ.ಲೀ.) ಎಂದರೆ 25ರ ಗಂಡಸಿಗೆ ಸೋಸುವ ದರ, ಅಂದರೆ ಇಜಿಎಫ್‌ಆರ್, 95ರ ಆಸುಪಾಸು. 75ರ ಹೆಂಗಸಿಗೆ ಅದೇ 1.1ಕ್ಕೆ ಸುಮಾರು 52. ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೂ ಇಜಿಎಫ್‌ಆರ್ ಕೇಳಿ ಪಡೆಯಿರಿ. 60ಕ್ಕಿಂತ ಕೆಳಗಿದ್ದರೆ ಈ ಗುಂಪಿನ ಮಾತ್ರೆ ಬಹುಕಾಲ ಬೇಡ, 30ಕ್ಕಿಂತ ಕೆಳಗಿದ್ದರೆ ಬೇಡವೇ ಬೇಡ. 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಿದರೆ ಅಥವಾ 7 ದಿನದಲ್ಲಿ ಒಂದೂವರೆ ಪಟ್ಟಾದರೆ ಅದು ಕಿಡ್ನಿಗೆ ಬಿದ್ದ ತೀವ್ರ ಪೆಟ್ಟು.

ವಾಂತಿ, ಭೇದಿ, ಜ್ವರ ಬಂದು ಗಂಟಲಿಗೆ ನೀರು ಇಳಿಯದ ದಿನವೇ ಹೆಚ್ಚಿನ ಅಪಾಯದ ದಿನ. ಅಂದು ನೋವಿನ ಮಾತ್ರೆಯನ್ನು ಯಾರನ್ನೂ ಕೇಳದೆ ನಿಲ್ಲಿಸಿ. ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳ ಬಗ್ಗೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಹೃದಯಕ್ಕೆಂದು ಕೊಟ್ಟ ಕಡಿಮೆ ಪ್ರಮಾಣದ ಆಸ್ಪಿರಿನ್ ಅನ್ನು ಇದೇ ಲೆಕ್ಕಕ್ಕೆ ಸೇರಿಸಿ ತಾವಾಗಿ ಬಿಡಬಾರದು. ಮೂತ್ರ ತೀರಾ ಕಡಿಮೆಯಾದರೆ ಫೋನ್‌ಗೂ ಕಾಯದೆ ಪುಸ್ತಕ ಹಿಡಿದು ಆಸ್ಪತ್ರೆಗೆ ಹೊರಡಿ.